ಹರವಿ ತಂಪು ಮಾಡುತ್ತದೆ, ಸೋಸುವುದಿಲ್ಲ

ಮಣ್ಣಿನ ಹರವಿಯಲ್ಲಿಟ್ಟ ನೀರು ತಾನಾಗಿ ಶುದ್ಧವಾಗುತ್ತದೆ ಎಂಬ ನಂಬಿಕೆ ಧಾರವಾಡದ ಕಡೆ ಗಟ್ಟಿಯಾಗಿದೆ. ತಂಪಾಗುವುದು ನಿಜ. ಗೋಡೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಒಯ್ಯುತ್ತದೆ. ಆದರೆ ನಾವು ಕುಡಿಯುವುದು ಗೋಡೆ ದಾಟದೆ ಒಳಗೇ ಉಳಿದ ನೀರನ್ನು. ಅದು ಸೋಸಿದ ನೀರಲ್ಲ. ಸುಟ್ಟ ಮಣ್ಣಿನ ಸೋಸುಪೊರೆಯಲ್ಲಿ (ಫಿಲ್ಟರಿನಲ್ಲಿ) ಹಾಗಲ್ಲ, ಗೋಡೆ ದಾಟಿ ಬಂದ ಹನಿಯನ್ನೇ ಹಿಡಿದು ಕುಡಿಯುತ್ತೇವೆ.

‘ನಳದ ನೀರಿಗೆ ಇದೆಲ್ಲ ಯಾಕ ಬೇಕು?’ ಎನ್ನುವವರಿದ್ದಾರೆ. ಮಲಪ್ರಭೆಯ ನೀರನ್ನು ಅಮ್ಮಿನಭಾವಿಯಲ್ಲಿ ಶುದ್ಧೀಕರಿಸಿಯೇ ಕಳಿಸುತ್ತಾರೆ, ಕೆಡುವುದು ದಾರಿಯಲ್ಲಿ. ಹುಬ್ಬಳ್ಳಿ–ಧಾರವಾಡದ ನಳಗಳನ್ನು ವರ್ಷವಿಡೀ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಿಟ್ಟು ಬಿಟ್ಟು ನೀರು ಬರುವ ನಳಗಳ ಶೇ 31.7 ಮಾದರಿಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತು, 24 ತಾಸು ಬರುವ ನಳಗಳಲ್ಲಿ ಬರೀ ಶೇ 0.7. ನೀರು ನಿಂತಾಗ ಪೈಪಿನ ಒತ್ತಡ ಇಳಿದು, ಸುತ್ತಲಿನ ಹೊಲಸು ಬಿರುಕುಗಳಿಂದ ಒಳಸೇರುತ್ತದೆ. ಲಕಮನಹಳ್ಳಿಯೇ ಇರಲಿ, ಬೇರೆ ಬಡಾವಣೆಯೇ ಇರಲಿ, ನೀರು ಬಂದ ದಿನ ಬ್ಯಾರಲ್ ತುಂಬಿಡುವ ಮನೆಗೆ ಮುಖ್ಯ ಅಪಾಯ ರೋಗಾಣುವಿನದು. ಮಣ್ಣಿನ ಪೊರೆ ಬಹುಮಟ್ಟಿಗೆ ತಡೆಯುವುದೂ ಅದನ್ನೇ.

ಮಣ್ಣಿನ ಪೊರೆ ಅಗ್ಗ, ಹಾಗಾಗಿ ಕಳಪೆ ಎಂಬುದೂ ತಪ್ಪು. ಅಲ್ಯೂಮಿನಾದ ಪೊರೆ ಸುಡಲು ಸಾಮಾನ್ಯವಾಗಿ 1,500 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಮಣ್ಣಿಗೆ 1,000 ಡಿಗ್ರಿಯೊಳಗೆ ಸಾಕಾಗುತ್ತದೆ. ಉಳಿತಾಯ ಇರುವುದು ಅಲ್ಲಿ. ಭುವನೇಶ್ವರದ ಸಿಎಸ್‌ಐಆರ್ ಪ್ರಯೋಗಾಲಯದ ‘ಟೆರಾಫಿಲ್’ ಬಿಲ್ಲೆಗೆ ಕೆಂಪು ಮಣ್ಣು, ಹೊಳೆಯ ಮರಳು, ಕಟ್ಟಿಗೆಯ ಹೊಟ್ಟು ಇಷ್ಟೇ ಸಾಮಗ್ರಿ. ಸುಡುವಾಗ ಹೊಟ್ಟು ಉರಿದುಹೋಗಿ ರಂಧ್ರಗಳು ಉಳಿಯುತ್ತವೆ. ಹಾಗಂತ ಹೊಲದ ಯಾವ ಮಣ್ಣಾದರೂ ನಡೆಯುವುದಿಲ್ಲ. ನವಲಗುಂದದ ಕಡೆಯ ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಅದೊಂದನ್ನೇ ನಂಬಿ ಬಿಲ್ಲೆ ಮಾಡಲಾಗದು.

ಇನ್ನು ಎಲ್ಲವನ್ನೂ ಸೋಸುತ್ತದೆ ಎಂಬ ಭ್ರಮೆ. ಇದು ನನಗೆ ಎಲ್ಲಕ್ಕಿಂತ ಅಪಾಯಕಾರಿ ಅನ್ನಿಸುತ್ತದೆ. ಇ. ಕೋಲಿ ಒಂದೆರಡು ಮೈಕ್ರಾನ್ ಉದ್ದ, ಒಳ್ಳೆಯ ಪೊರೆಯಲ್ಲಿ ಸಿಕ್ಕಿಬೀಳುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಸುಮಾರು 0.03 ಮೈಕ್ರಾನ್, ನುಸುಳಿಬಿಡಬಹುದು. ಊರಲ್ಲಿ ಕಾಮಾಲೆ ಇದ್ದರೆ ಸೋಸಿದ ನೀರನ್ನೂ ಕುದಿಸಲೇಬೇಕು. ನೀರಿನಲ್ಲಿ ಕರಗಿದ ಫ್ಲೋರೈಡ್ ಇನ್ನೂ ಸೂಕ್ಷ್ಮ. ಮುಂಡರಗಿಯ ಕಡೆ ಫ್ಲೋರೈಡ್ ಇರುವ ಬೋರಿನ ನೀರಿಗೆ ಸಾದಾ ಮಣ್ಣಿನ ಪೊರೆ ಉಪಯೋಗಕ್ಕೆ ಬಾರದು, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಬೇರೆ ವ್ಯವಸ್ಥೆಯೇ ಬೇಕು.

ಸೋಸುವುದು ನಿಧಾನವಾದರೆ ಫಿಲ್ಟರ್ ಕೆಟ್ಟಿತೆಂದು ಎಸೆಯುವವರಿದ್ದಾರೆ. ಮೇಲೆ ಕಟ್ಟಿದ ಕೆಸರನ್ನು ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ ತೊಳೆದರೆ ಸಾಕು, ಸಾಬೂನು ಬೇಡ. ನೀರು ಒಮ್ಮೆಲೆ ಜೋರಾಗಿ ಇಳಿಯತೊಡಗಿದರೆ ಮಾತ್ರ ಬಿರುಕು ಬಿಟ್ಟಿರಬಹುದು. ಆಗ ಬಿಲ್ಲೆ ಬದಲಿಸಿ.