ಟಿ.ವಿ.ಲಿ ಗೆದ್ದರೆ ಸಾಕೆ?

ಚಿಕ್ಕನಾಯಕನಹಳ್ಳಿ: 2019ರ ಜುಲೈ ನೆನಪಿದೆಯೆ? ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ಚರ್ಚೆ ದಿನಗಟ್ಟಲೆ ಟಿ.ವಿ.ಯಲ್ಲಿ ನೇರ ಪ್ರಸಾರವಾಯಿತು. ವಿರೋಧ ಪಕ್ಷದ ಸಾಲಿನಿಂದ ಎದ್ದೆದ್ದು ಕಾನೂನಿನ ಪಾಯಿಂಟು ಹಾಕುತ್ತಿದ್ದವರು ಆಗಿನ ನಮ್ಮ ಶಾಸಕ ಜೆ.ಸಿ. ಮಾಧುಸ್ವಾಮಿ. 23ರಂದು ಸರ್ಕಾರ 99–105ರಲ್ಲಿ ಬಿತ್ತು. ಮರು ತಿಂಗಳೇ ಮಾಧುಸ್ವಾಮಿ ಮಂತ್ರಿಯಾದರು.

2023ರಲ್ಲಿ ಏನಾಯಿತು? ಅದೇ ಮಾಧುಸ್ವಾಮಿ ಸೋತರು, ಜೆ.ಡಿ.ಎಸ್.ನ ಸಿ.ಬಿ. ಸುರೇಶ್ ಬಾಬು ಗೆದ್ದರು. ಕಾರಣ ನೂರಿರಬಹುದು. ಆದರೆ ಟಿ.ವಿ. ಕೀರ್ತಿ ಊರಿನ ವೋಟಾಗಲಿಲ್ಲ ಅನ್ನೋದಂತೂ ನಿಜ.

ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಅಷ್ಟು ಸಿಗಲಿಲ್ಲ. ರಾತ್ರಿ ಹೊತ್ತಿನ ಚಾನೆಲ್ ಚರ್ಚೆಯಲ್ಲಿ ಕೊಬ್ಬರಿ ಮಾತು ಎಷ್ಟು ಸಲ ಕೇಳಿದಿರಿ? ಅಲ್ಲಿ ಬೆಲೆ ಕೇಳಿದರೆ ಎದುರು ಪಕ್ಷದ ಹಗರಣ ಹೇಳ್ತಾರೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಕೂಗ್ತಾರೆ. ಜೋರಾಗಿ ಕೂಗಿದವರ ತುಣುಕು ಬೆಳಗಾದರೆ ಎಲ್ಲರ ಮೊಬೈಲಿನಲ್ಲಿ.

ಮುಂದಿನ ಸಲ ಬಸ್ ಸ್ಟ್ಯಾಂಡಿಗೆ ವೋಟು ಕೇಳೋಕೆ ಬಂದಾಗ ಚರ್ಚೆ ನಾವೇ ನಡೆಸೋಣ. "ಸ್ವಾಮಿ, ಕೊಬ್ಬರಿಗೆ ಏನು ಮಾಡ್ತೀರಿ? ಹೇಮಾವತಿ ನೀರು ಯಾವ ಕೆರೆಗೆ, ಯಾವಾಗ?" ಅಂತ ಕೇಳೋಣ.

ನಮ್ಮ ಚರ್ಚೆಯಲ್ಲಿ ಜಾಹೀರಾತಿನ ವಿರಾಮ ಇರೋಲ್ಲ!