ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಹಸ್ತಕ್ಷೇಪರಹಿತ ವಿದೇಶಾಂಗ ನೀತಿ

ಹಸ್ತಕ್ಷೇಪರಹಿತ ವಿದೇಶಾಂಗ ನೀತಿ ಎಂದರೆ ಒಂದು ರಾಷ್ಟ್ರವು ಇತರ ರಾಷ್ಟ್ರಗಳ ಆಂತರಿಕ ವ್ಯವಹಾರಗಳಲ್ಲಿ ತಲೆಹಾಕದೆ, ತನ್ನ ರಕ್ಷಣೆಗೆ ನೇರ ಸಂಬಂಧವಿಲ್ಲದ ಯುದ್ಧಗಳಿಂದ ದೂರವಿದ್ದು, ವ್ಯಾಪಾರ ಹಾಗೂ ರಾಜತಾಂತ್ರಿಕ ಸಂಬಂಧಗಳನ್ನು ಮುಂದುವರಿಸುವ ನೀತಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ನೀತಿಯ ಕುರಿತ ಚರ್ಚೆಯು 18ನೆಯ ಶತಮಾನದ ಕೊನೆಯಿಂದ ಇಂದಿನವರೆಗೂ ನಡೆದುಬಂದಿದೆ. ದುರ್ಬಲವಾದ ಹೊಸ ಗಣರಾಜ್ಯವೊಂದು ತನ್ನ ಉಳಿವಿಗಾಗಿ ಅನುಸರಿಸಿದ ಈ ನೀತಿಯು, ಅದೇ ದೇಶ ಜಗತ್ತಿನ ಪ್ರಬಲ ಶಕ್ತಿಯಾದ ಮೇಲೆ ಬೇರೆಯದೇ ಅರ್ಥವನ್ನು ಪಡೆಯಿತು. ಸಣ್ಣ ರಾಷ್ಟ್ರವೊಂದು ತಟಸ್ಥವಾಗಿ ಉಳಿದರೆ ಅದರ ಪರಿಣಾಮ ಬಹುಮಟ್ಟಿಗೆ ಆ ರಾಷ್ಟ್ರಕ್ಕೇ ಸೀಮಿತ. ಪ್ರಬಲ ರಾಷ್ಟ್ರವು ಸುಮ್ಮನಿದ್ದರೂ ಅದರ ವ್ಯಾಪಾರ, ಸಾಲ, ಶಸ್ತ್ರಾಸ್ತ್ರ ಮಾರಾಟ ಹಾಗೂ ಮೌನಗಳು ಇತರರ ಯುದ್ಧಗಳ ಫಲಿತಾಂಶವನ್ನು ಪ್ರಭಾವಿಸುತ್ತವೆ.

ಪರಿಕಲ್ಪನೆ

ಹಸ್ತಕ್ಷೇಪರಹಿತ ನೀತಿಯನ್ನು ಅದಕ್ಕೆ ಹತ್ತಿರವಾದ ಕೆಲವು ಪರಿಕಲ್ಪನೆಗಳಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. ಪ್ರತ್ಯೇಕತಾವಾದವು ವ್ಯಾಪಾರ ಮತ್ತು ವಲಸೆಗಳನ್ನೂ ಒಳಗೊಂಡಂತೆ ಹೊರಜಗತ್ತಿನ ಸಂಪರ್ಕವನ್ನೇ ಕಡಿಮೆ ಮಾಡಲು ಬಯಸುತ್ತದೆ. 17ನೆಯ ಶತಮಾನದಿಂದ 1853ರವರೆಗಿನ ಜಪಾನ್ ಇದಕ್ಕೆ ಸಾಮಾನ್ಯವಾಗಿ ನೀಡಲಾಗುವ ಉದಾಹರಣೆ. ತಾಟಸ್ಥ್ಯವು ನಿರ್ದಿಷ್ಟ ಯುದ್ಧವೊಂದರಲ್ಲಿ ಯಾವ ಪಕ್ಷವನ್ನೂ ಸೇರದಿರುವ ಕಾನೂನಾತ್ಮಕ ಸ್ಥಿತಿ. ಶಾಂತಿವಾದವು ಯುದ್ಧವನ್ನು ನೈತಿಕ ನೆಲೆಯಲ್ಲಿ ತಿರಸ್ಕರಿಸುತ್ತದೆ. ಭಾರತ ಅನುಸರಿಸಿದ ಅಲಿಪ್ತ ನೀತಿಯು ಶೀತಲ ಸಮರದ ಎರಡು ಬಣಗಳಿಂದ ದೂರವಿರುವುದಕ್ಕೆ ಸಂಬಂಧಿಸಿದ್ದು. ಹಸ್ತಕ್ಷೇಪರಹಿತ ನೀತಿಯ ಸಮರ್ಥಕರು ಆತ್ಮರಕ್ಷಣೆಯ ಯುದ್ಧವನ್ನು ಒಪ್ಪುತ್ತಾರೆ ಮತ್ತು ಮುಕ್ತ ವ್ಯಾಪಾರವನ್ನು ಅನೇಕ ವೇಳೆ ಪ್ರೋತ್ಸಾಹಿಸುತ್ತಾರೆ.

ಈ ವಿಚಾರಕ್ಕೆ ತಾತ್ವಿಕ ಹಿನ್ನೆಲೆಯೂ ಇದೆ. ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಪ್ರಬಂಧದಲ್ಲಿ, ಯಾವ ರಾಜ್ಯವೂ ಮತ್ತೊಂದರ ಸಂವಿಧಾನ ಮತ್ತು ಆಡಳಿತದಲ್ಲಿ ಬಲಪ್ರಯೋಗದಿಂದ ಕೈಹಾಕಬಾರದೆಂದು ಪ್ರತಿಪಾದಿಸಿದನು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಇದೇ ವಿಷಯದ ಮೇಲೆ ಬರೆದು, ಜನರು ತಾವೇ ಹೋರಾಡಿ ಗಳಿಸದ ಸ್ವಾತಂತ್ರ್ಯ ಬಾಳಿಕೆ ಬರುವುದು ಕಷ್ಟವೆಂದು ವಾದಿಸಿದನು. ಆದರೆ ಒಂದು ವಿದೇಶೀ ಶಕ್ತಿ ಈಗಾಗಲೇ ಒಂದು ಪಕ್ಷದ ಪರವಾಗಿ ಪ್ರವೇಶಿಸಿದ್ದಾಗ, ಅದನ್ನು ಸರಿದೂಗಿಸಲು ನಡೆಸುವ ಹಸ್ತಕ್ಷೇಪವನ್ನು ಆತ ಸಮರ್ಥಿಸಿದನು.

ಆರಂಭಿಕ ಇತಿಹಾಸ

ಅಮೆರಿಕವು ತನ್ನ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, 1778ರಲ್ಲಿ, ಫ್ರಾನ್ಸ್‌ನೊಂದಿಗೆ ಮೈತ್ರಿ ಒಪ್ಪಂದ ಮಾಡಿಕೊಂಡಿತ್ತು. ಕ್ರಾಂತಿಯ ನಂತರದ ಫ್ರಾನ್ಸ್ 1793ರಲ್ಲಿ ಬ್ರಿಟನ್ನಿನೊಂದಿಗೆ ಯುದ್ಧಕ್ಕಿಳಿದಾಗ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತಾಟಸ್ಥ್ಯವನ್ನು ಘೋಷಿಸಿದರು. 1796ರಲ್ಲಿ ಪ್ರಕಟವಾದ ತಮ್ಮ ವಿದಾಯ ಸಂದೇಶದಲ್ಲಿ, ವಿದೇಶಗಳೊಂದಿಗೆ ವ್ಯಾಪಾರವನ್ನು ವಿಸ್ತರಿಸಿ, ರಾಜಕೀಯ ಬಂಧಗಳನ್ನು ಸಾಧ್ಯವಾದಷ್ಟು ಕಡಿಮೆ ಇಟ್ಟುಕೊಳ್ಳಬೇಕೆಂದು ಅವರು ಸಲಹೆ ನೀಡಿದರು. ಥಾಮಸ್ ಜೆಫರ್ಸನ್ 1801ರ ಪದಗ್ರಹಣ ಭಾಷಣದಲ್ಲಿ ಇದೇ ನಿಲುವನ್ನು ಪುನರುಚ್ಚರಿಸಿದರು. 1821ರ ಜುಲೈ 4ರಂದು ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ವಿನ್ಸಿ ಆಡಮ್ಸ್, ಅಮೆರಿಕವು ಎಲ್ಲರ ಸ್ವಾತಂತ್ರ್ಯಕ್ಕೆ ಶುಭ ಕೋರುತ್ತದೆಯಾದರೂ ಅದಕ್ಕಾಗಿ ಹೊರಗೆ ಹೋಗಿ ಯುದ್ಧ ಮಾಡಿದರೆ ತನ್ನ ಸ್ವಭಾವವನ್ನೇ ಕಳೆದುಕೊಳ್ಳುವುದೆಂದು ಎಚ್ಚರಿಸಿದರು.

1823ರ ಮನ್ರೋ ಸಿದ್ಧಾಂತವು ಯುರೋಪಿನ ವ್ಯವಹಾರಗಳಲ್ಲಿ ಅಮೆರಿಕ ತಲೆಹಾಕುವುದಿಲ್ಲ, ಯುರೋಪಿನ ಶಕ್ತಿಗಳು ಅಮೆರಿಕ ಖಂಡಗಳಲ್ಲಿ ಹೊಸ ವಸಾಹತುಗಳನ್ನು ಸ್ಥಾಪಿಸಕೂಡದು ಎಂದು ಸಾರಿತು. ಆದರೆ ಈ ಸಂಯಮವು ಮುಖ್ಯವಾಗಿ ಯುರೋಪಿಗೆ ಸಂಬಂಧಿಸಿದುದಾಗಿತ್ತು. ತನ್ನ ನೆರೆಹೊರೆಯಲ್ಲಿ ಅಮೆರಿಕ 1846-48ರ ಯುದ್ಧದ ಮೂಲಕ ಮೆಕ್ಸಿಕೋದ ವಿಶಾಲ ಭೂಭಾಗವನ್ನು ಪಡೆಯಿತು. 1898ರಲ್ಲಿ ಸ್ಪೇನ್ ವಿರುದ್ಧದ ಯುದ್ಧದ ಬಳಿಕ ಫಿಲಿಪ್ಪೀನ್ಸ್, ಪೋರ್ಟೊ ರಿಕೊ ಮತ್ತು ಗುವಾಮ್ ಅದರ ವಶವಾದವು. ಇದನ್ನು ವಿರೋಧಿಸಿ ಅದೇ ವರ್ಷ ಸ್ಥಾಪನೆಯಾದ ಸಾಮ್ರಾಜ್ಯಶಾಹಿ ವಿರೋಧಿ ಸಂಘದಲ್ಲಿ ಲೇಖಕ ಮಾರ್ಕ್ ಟ್ವೇನ್ ಕೂಡ ಸಕ್ರಿಯರಾಗಿದ್ದರು. 1904ರಲ್ಲಿ ಥಿಯೊಡರ್ ರೂಸ್‌ವೆಲ್ಟ್ ಮನ್ರೋ ಸಿದ್ಧಾಂತವನ್ನು ವಿಸ್ತರಿಸಿ, ಲ್ಯಾಟಿನ್ ಅಮೆರಿಕದಲ್ಲಿ ಹಸ್ತಕ್ಷೇಪ ಮಾಡುವ ಹಕ್ಕು ತಮ್ಮ ದೇಶಕ್ಕಿದೆ ಎಂದರು. ಹೈಟಿಯನ್ನು ಅಮೆರಿಕದ ಸೇನೆ 1915ರಿಂದ 1934ರವರೆಗೆ ಆಕ್ರಮಿಸಿಕೊಂಡಿತ್ತು.

ಎರಡು ಮಹಾಯುದ್ಧಗಳ ಕಾಲ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅಮೆರಿಕ ತಟಸ್ಥವಾಗಿತ್ತು. ಆದರೆ ಅದರ ಸರಕು ಮತ್ತು ಸಾಲಗಳು ಹೆಚ್ಚಾಗಿ ಬ್ರಿಟನ್ ಮತ್ತು ಫ್ರಾನ್ಸ್‌ಗಳಿಗೆ ಹರಿದವು. ಜರ್ಮನಿ ಜಲಾಂತರ್ಗಾಮಿಗಳ ಅನಿರ್ಬಂಧಿತ ದಾಳಿಯನ್ನು ಪುನರಾರಂಭಿಸಿದ ಮೇಲೆ, 1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧ ಘೋಷಿಸಿತು. ಯುದ್ಧಾನಂತರ ಸೆನೆಟ್ ವರ್ಸೇಲ್ಸ್ ಒಪ್ಪಂದವನ್ನು ತಿರಸ್ಕರಿಸಿದ್ದರಿಂದ ಅಮೆರಿಕವು ತನ್ನ ಅಧ್ಯಕ್ಷರೇ ಪ್ರತಿಪಾದಿಸಿದ್ದ ರಾಷ್ಟ್ರಸಂಘವನ್ನು ಸೇರಲಿಲ್ಲ.

1934ರಿಂದ 1936ರವರೆಗೆ ಸೆನೆಟರ್ ಜೆರಾಲ್ಡ್ ನೈ ನೇತೃತ್ವದ ಸಮಿತಿಯು ಯುದ್ಧದಲ್ಲಿ ಶಸ್ತ್ರಾಸ್ತ್ರ ತಯಾರಕರು ಮತ್ತು ಬ್ಯಾಂಕುಗಳು ಪಡೆದ ಲಾಭವನ್ನು ತನಿಖೆ ಮಾಡಿತು. 1935ರಿಂದ ಅಂಗೀಕರಿಸಿದ ತಾಟಸ್ಥ್ಯ ಕಾಯಿದೆಗಳು ಯುದ್ಧನಿರತ ದೇಶಗಳಿಗೆ ಶಸ್ತ್ರಾಸ್ತ್ರ ಮಾರಾಟವನ್ನೂ ನಂತರ ಸಾಲವನ್ನೂ ನಿಷೇಧಿಸಿದವು. ಈ ಕಾಯಿದೆಗಳು ಆಕ್ರಮಣಕಾರನಿಗೂ ಆಕ್ರಮಣಕ್ಕೆ ಒಳಗಾದವನಿಗೂ ನಡುವೆ ಭೇದ ಮಾಡುತ್ತಿರಲಿಲ್ಲ.

ಇದರ ಪರಿಣಾಮ ಸ್ಪೇನಿನ ಅಂತರ್ಯುದ್ಧದಲ್ಲಿ ಕಂಡುಬಂದಿತು. 1937ರ ಜನವರಿಯಲ್ಲಿ ಅಮೆರಿಕ ಸ್ಪೇನಿನ ಎರಡೂ ಪಕ್ಷಗಳಿಗೆ ಶಸ್ತ್ರಾಸ್ತ್ರ ಮಾರಾಟವನ್ನು ನಿಷೇಧಿಸಿತು. ಜನರಲ್ ಫ್ರಾಂಕೋ ಪಡೆಗೆ ಜರ್ಮನಿ ಮತ್ತು ಇಟಲಿಗಳಿಂದ ನೆರವು ದೊರೆಯುತ್ತಿದ್ದುದರಿಂದ ನಿಷೇಧದ ಹೊರೆ ಬಹುಪಾಲು ಚುನಾಯಿತ ಗಣರಾಜ್ಯ ಸರ್ಕಾರದ ಮೇಲೆ ಬಿದ್ದಿತು. ತೈಲ ಮತ್ತು ಟ್ರಕ್ಕುಗಳು ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಇರಲಿಲ್ಲ. ಅಮೆರಿಕದ ಕಂಪನಿಗಳು ಅವುಗಳನ್ನು ಫ್ರಾಂಕೋ ಪಡೆಗೆ ಮಾರಿದವು. ತಾಟಸ್ಥ್ಯ ಕಾಯಿದೆಗಳು ಆಕ್ರಮಣಕಾರನಿಗೆ ನೆರವಾಗಿ, ಬಲಿಯಾದವನಿಗೆ ನೆರವನ್ನು ನಿರಾಕರಿಸಬಹುದೆಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1939ರ ಜನವರಿಯಲ್ಲಿ ಕಾಂಗ್ರೆಸ್ಸಿಗೆ ತಿಳಿಸಿದರು.

1940ರಲ್ಲಿ ಸ್ಥಾಪನೆಯಾದ ಅಮೆರಿಕ ಫಸ್ಟ್ ಸಮಿತಿಯು ಯುದ್ಧ ಪ್ರವೇಶವನ್ನು ವಿರೋಧಿಸಿತು. ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅದರ ಪ್ರಮುಖ ಭಾಷಣಕಾರರಾಗಿದ್ದರು. 1941ರ ಸೆಪ್ಟೆಂಬರ್‌ನಲ್ಲಿ ಅವರು ಯಹೂದ್ಯರ ಮೇಲೆ ಆರೋಪ ಹೊರಿಸಿ ಮಾಡಿದ ಭಾಷಣ ವ್ಯಾಪಕ ಖಂಡನೆಗೆ ಗುರಿಯಾಯಿತು. ಅದೇ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ನಂತರ ಸಮಿತಿ ವಿಸರ್ಜನೆಗೊಂಡಿತು. 1917ರಲ್ಲಿ ಯುದ್ಧದ ವಿರುದ್ಧ ಮತ ಹಾಕಿದ್ದ ಜೆನೆಟ್ ರಾಂಕಿನ್, 1941ರಲ್ಲಿ ಜಪಾನ್ ವಿರುದ್ಧದ ಯುದ್ಧ ಘೋಷಣೆಯನ್ನು ವಿರೋಧಿಸಿದ ಏಕೈಕ ಸದಸ್ಯೆಯಾಗಿದ್ದರು.

ಎರಡನೆಯ ಮಹಾಯುದ್ಧದ ನಂತರ

1947ರ ಟ್ರೂಮನ್ ಸಿದ್ಧಾಂತ ಮತ್ತು 1949ರ ಏಪ್ರಿಲ್‌ನಲ್ಲಿ ಸ್ಥಾಪನೆಯಾದ ನ್ಯಾಟೋ ಒಕ್ಕೂಟಗಳು ವಾಷಿಂಗ್ಟನ್ ಅವರ ಸಲಹೆಯಿಂದ ಅಮೆರಿಕವನ್ನು ಬಹುದೂರ ಕೊಂಡೊಯ್ದವು. ಸೆನೆಟರ್ ರಾಬರ್ಟ್ ಟಾಫ್ಟ್ ನ್ಯಾಟೋ ಒಪ್ಪಂದದ ವಿರುದ್ಧ ಮತ ಚಲಾಯಿಸಿದರು. ಮುಂದಿನ ದಶಕಗಳಲ್ಲಿ ಹಸ್ತಕ್ಷೇಪವು ಬಹಿರಂಗ ಯುದ್ಧವಾಗಿ ಮಾತ್ರವಲ್ಲದೆ ಗುಪ್ತ ಕಾರ್ಯಾಚರಣೆಯಾಗಿಯೂ ನಡೆಯಿತು. 1953ರಲ್ಲಿ ಇರಾನ್ ಪ್ರಧಾನಿ ಮೊಹಮ್ಮದ್ ಮೊಸಾದೆಕ್ ಅವರನ್ನೂ, 1954ರಲ್ಲಿ ಗ್ವಾಟೆಮಾಲಾದ ಚುನಾಯಿತ ಸರ್ಕಾರವನ್ನೂ ಪದಚ್ಯುತಗೊಳಿಸುವಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಪಾತ್ರವಿತ್ತು. ವಿಯೆಟ್ನಾಂ ಯುದ್ಧದಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ವಿಯೆಟ್ನಾಮೀಯರ ಸಾವಿನ ಸಂಖ್ಯೆ ಇದಕ್ಕಿಂತ ಅನೇಕ ಪಟ್ಟು ಹೆಚ್ಚು.

1971ರ ಪೂರ್ವ ಪಾಕಿಸ್ತಾನ

ಹಸ್ತಕ್ಷೇಪ ಮಾಡದಿರುವುದೂ ಒಂದು ಪಕ್ಷಕ್ಕೆ ಅನುಕೂಲವಾಗಬಹುದೆಂಬುದಕ್ಕೆ ಭಾರತ ಉಪಖಂಡದಲ್ಲಿಯೇ ಉದಾಹರಣೆ ಇದೆ. 1971ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಸೇನೆ ಪೂರ್ವ ಪಾಕಿಸ್ತಾನದಲ್ಲಿ ದಮನ ಕಾರ್ಯಾಚರಣೆ ಆರಂಭಿಸಿದಾಗ, ನಿಕ್ಸನ್ ಸರ್ಕಾರ ಅದನ್ನು ಪಾಕಿಸ್ತಾನದ ಆಂತರಿಕ ವಿಷಯವೆಂದು ಪರಿಗಣಿಸಿತು. ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್, ಏಪ್ರಿಲ್ 6ರಂದು ಕಳುಹಿಸಿದ ತಂತಿ ಸಂದೇಶದಲ್ಲಿ ತಮ್ಮ ಸಿಬ್ಬಂದಿ ಈ ನಿಲುವಿಗೆ ಸೂಚಿಸಿದ ಭಿನ್ನಮತವನ್ನು ತಿಳಿಸಿದರು. ಆ ತಿಂಗಳುಗಳಲ್ಲಿಯೂ ಪಾಕಿಸ್ತಾನಕ್ಕೆ ಅಮೆರಿಕದ ಶಸ್ತ್ರಾಸ್ತ್ರಗಳ ರವಾನೆ ಪೂರ್ತಿಯಾಗಿ ನಿಂತಿರಲಿಲ್ಲ. ಸುಮಾರು 1 ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಡಿಸೆಂಬರ್‌ನಲ್ಲಿ ಭಾರತ-ಪಾಕಿಸ್ತಾನ ಯುದ್ಧ ನಡೆಯುತ್ತಿದ್ದಾಗ ಅಮೆರಿಕ ಎಂಟರ್‌ಪ್ರೈಸ್ ವಿಮಾನವಾಹಕ ನೌಕೆಯನ್ನು ಬಂಗಾಳ ಕೊಲ್ಲಿಯತ್ತ ಕಳುಹಿಸಿತು. ಈ ಯುದ್ಧದಲ್ಲಿ ಭಾರತದ ಪಾತ್ರವನ್ನು ಕೆಲವು ವಿದ್ವಾಂಸರು ಮಾನವೀಯ ಹಸ್ತಕ್ಷೇಪದ ಉದಾಹರಣೆಯಾಗಿ ಚರ್ಚಿಸುತ್ತಾರೆ. ಭಾರತ ಸರ್ಕಾರ ಆತ್ಮರಕ್ಷಣೆಯ ಆಧಾರವನ್ನೂ ಮುಂದಿಟ್ಟಿತ್ತು.

ಅಂತಾರಾಷ್ಟ್ರೀಯ ಕಾನೂನು

1945ರ ವಿಶ್ವಸಂಸ್ಥೆಯ ಸನ್ನದಿನ 2ನೆಯ ವಿಧಿಯು ಇತರ ರಾಷ್ಟ್ರಗಳ ಮೇಲೆ ಬಲಪ್ರಯೋಗವನ್ನು ನಿಷೇಧಿಸುತ್ತದೆ. ಆತ್ಮರಕ್ಷಣೆ ಮತ್ತು ಭದ್ರತಾ ಮಂಡಳಿಯ ಅನುಮತಿ ಇದಕ್ಕೆ ಇರುವ ಅಪವಾದಗಳು. 1986ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವು ನಿಕಾರಾಗುವಾದ ಬಂಡುಕೋರರಿಗೆ ತರಬೇತಿ ಮತ್ತು ಶಸ್ತ್ರ ಒದಗಿಸಿದ ಅಮೆರಿಕವು ಹಸ್ತಕ್ಷೇಪ ನಿಷೇಧದ ನಿಯಮವನ್ನು ಉಲ್ಲಂಘಿಸಿದೆಯೆಂದು ತೀರ್ಪು ನೀಡಿತು. 2005ರ ವಿಶ್ವ ಶೃಂಗಸಭೆಯು, ನರಮೇಧದಂತಹ ಅಪರಾಧಗಳಿಂದ ಜನರನ್ನು ಅವರ ಸರ್ಕಾರ ರಕ್ಷಿಸದಿದ್ದಾಗ ಭದ್ರತಾ ಮಂಡಳಿಯ ಮೂಲಕ ಸಾಮೂಹಿಕ ಕ್ರಮ ಕೈಗೊಳ್ಳಬಹುದೆಂಬ ತತ್ತ್ವವನ್ನು ಅಂಗೀಕರಿಸಿತು.

ಪರವಾದ ವಾದಗಳು

ಹಸ್ತಕ್ಷೇಪರಹಿತ ನೀತಿಯ ಸಮರ್ಥಕರು ಮುಖ್ಯವಾಗಿ ಮೂರು ಕಾರಣಗಳನ್ನು ನೀಡುತ್ತಾರೆ.

ಮೊದಲನೆಯದು ಜ್ಞಾನದ ಮಿತಿ. ಹೊರಗಿನ ಶಕ್ತಿಗೆ ಸರ್ಕಾರವೊಂದನ್ನು ಉರುಳಿಸುವುದು ಸಾಧ್ಯವಾದರೂ, ಅದರ ಸ್ಥಾನದಲ್ಲಿ ಜನರು ಒಪ್ಪುವ ವ್ಯವಸ್ಥೆಯನ್ನು ಕಟ್ಟುವುದು ಸುಲಭವಲ್ಲ. 2003ರ ಇರಾಕ್ ಯುದ್ಧಕ್ಕೆ ಕಾರಣವಾಗಿ ಹೇಳಲಾಗಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳ ಸಂಗ್ರಹ ಅಲ್ಲಿ ದೊರೆಯಲಿಲ್ಲ. ಅಫ್ಘಾನಿಸ್ತಾನದಲ್ಲಿ 20 ವರ್ಷಗಳ ಕಾರ್ಯಾಚರಣೆಯ ನಂತರ, 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಅಧಿಕಾರಕ್ಕೆ ಬಂದಿತು.

ಎರಡನೆಯದು ದೇಶದೊಳಗಿನ ಪರಿಣಾಮ. ಅಮೆರಿಕದ ಸಂವಿಧಾನವು ಯುದ್ಧ ಘೋಷಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ನೀಡಿದ್ದರೂ, 1942ರ ನಂತರ ಅದು ಔಪಚಾರಿಕವಾಗಿ ಯುದ್ಧ ಘೋಷಿಸಿಲ್ಲ. 1973ರ ಯುದ್ಧಾಧಿಕಾರ ನಿರ್ಣಯದ ಪ್ರಕಾರ ಅಧ್ಯಕ್ಷರು ಸೇನೆಯನ್ನು ಕಳುಹಿಸಿದ 48 ಗಂಟೆಗಳೊಳಗೆ ಕಾಂಗ್ರೆಸ್ಸಿಗೆ ತಿಳಿಸಬೇಕು. ಅನುಮತಿ ದೊರೆಯದಿದ್ದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಕಾರ್ಯಾಚರಣೆಯನ್ನು ನಿಲ್ಲಿಸಬೇಕು. ಈ ಮಿತಿಗಳ ಪಾಲನೆ ವಿವಾದಾತ್ಮಕವಾಗಿಯೇ ಉಳಿದಿದೆ.

ಮೂರನೆಯದು ಸಮಾನತೆಯ ಪ್ರಶ್ನೆ. ಪ್ರಬಲರು ದುರ್ಬಲರ ವ್ಯವಹಾರದಲ್ಲಿ ಪ್ರವೇಶಿಸಬಲ್ಲರು, ದುರ್ಬಲರು ಪ್ರಬಲರ ವ್ಯವಹಾರದಲ್ಲಿ ಪ್ರವೇಶಿಸಲಾರರು. ಆದ್ದರಿಂದ ಹಸ್ತಕ್ಷೇಪದ ಹಕ್ಕು ವಾಸ್ತವದಲ್ಲಿ ಕೆಲವೇ ರಾಷ್ಟ್ರಗಳ ವಿಶೇಷಾಧಿಕಾರವಾಗುತ್ತದೆ.

ವಿರುದ್ಧವಾದ ವಾದಗಳು

ವಿರೋಧಿಗಳು ರುವಾಂಡಾದ ಉದಾಹರಣೆಯನ್ನು ಮುಂದಿಡುತ್ತಾರೆ. 1993ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದ ಮೊಗದಿಶುವಿನಲ್ಲಿ ನಡೆದ ಕಾಳಗದಲ್ಲಿ 18 ಅಮೆರಿಕನ್ ಸೈನಿಕರು ಸತ್ತ ಬಳಿಕ, ಅಮೆರಿಕ ಆಫ್ರಿಕಾದ ಹೊಸ ಕಾರ್ಯಾಚರಣೆಗಳಿಗೆ ಹಿಂಜರಿಯಿತು. 1994ರ ಏಪ್ರಿಲ್‌ನಲ್ಲಿ ರುವಾಂಡಾದಲ್ಲಿ ನರಮೇಧ ಆರಂಭವಾದಾಗ, ಭದ್ರತಾ ಮಂಡಳಿಯು ಅಲ್ಲಿದ್ದ ಶಾಂತಿಪಾಲನಾ ಪಡೆಯನ್ನು ಸುಮಾರು 270 ಜನರಿಗೆ ಇಳಿಸಲು ನಿರ್ಧರಿಸಿತು. ಸುಮಾರು 100 ದಿನಗಳಲ್ಲಿ ಅಂದಾಜು 8 ಲಕ್ಷ ಜನರ ಹತ್ಯೆಯಾಯಿತು. ಜಗತ್ತು ಸಾಕಷ್ಟು ಬೇಗ ಕ್ರಮ ಕೈಗೊಳ್ಳಲಿಲ್ಲವೆಂದು ಅಧ್ಯಕ್ಷ ಬಿಲ್ ಕ್ಲಿಂಟನ್ 1998ರಲ್ಲಿ ಕಿಗಾಲಿಯಲ್ಲಿ ಒಪ್ಪಿಕೊಂಡರು.

ಪ್ರಬಲ ರಾಷ್ಟ್ರವು ಹಿಂದೆ ಸರಿದರೆ ಆ ಜಾಗ ಖಾಲಿಯಾಗಿ ಉಳಿಯದೆ, ಬೇರೊಂದು ಶಕ್ತಿ ಅದನ್ನು ತುಂಬುತ್ತದೆ ಎಂಬುದು ಇನ್ನೊಂದು ವಾದ. ಆಕ್ರಮಣವನ್ನು ಆರಂಭದಲ್ಲಿಯೇ ತಡೆಯದಿದ್ದರೆ ಮುಂದೆ ಹೆಚ್ಚಿನ ಬೆಲೆ ತೆರಬೇಕಾಗುತ್ತದೆಂದು 1930ರ ದಶಕವನ್ನು ಉದಾಹರಿಸಲಾಗುತ್ತದೆ.

ಸಮಕಾಲೀನ ಚರ್ಚೆ

ಎರಡೂ ಪಕ್ಷಗಳ ಉದಾಹರಣೆಗಳು ನೈಜವಾದುದರಿಂದ, ಚರ್ಚೆಯು ಹಸ್ತಕ್ಷೇಪ ಬೇಕೇ ಬೇಡವೇ ಎಂಬುದಕ್ಕಿಂತ, ಅದಕ್ಕೆ ಅನುಮತಿ ನೀಡಬೇಕಾದವರು ಯಾರು, ಅದರ ಗುರಿ ಮತ್ತು ಅವಧಿಗೆ ಮಿತಿ ಏನು, ಅದರ ಹೊರೆ ಹೊರುವವರು ಯಾರು ಎಂಬ ಪ್ರಶ್ನೆಗಳತ್ತ ಸರಿದಿದೆ. 2011ರಲ್ಲಿ ಲಿಬಿಯಾದ ನಾಗರಿಕರ ರಕ್ಷಣೆಗಾಗಿ ಭದ್ರತಾ ಮಂಡಳಿಯ ಅನುಮತಿಯೊಂದಿಗೆ ಆರಂಭವಾದ ಕಾರ್ಯಾಚರಣೆಯು ಗದ್ದಾಫಿ ಆಡಳಿತದ ಪತನದಲ್ಲಿ ಮುಗಿಯಿತು. ನಂತರ ಆ ದೇಶ ಅಂತಃಕಲಹಕ್ಕೆ ಸಿಲುಕಿತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ಮಾಡಿದಾಗ ಅಮೆರಿಕ ತನ್ನ ಸೇನೆಯನ್ನು ಯುದ್ಧಕ್ಕಿಳಿಸದೆ ಶಸ್ತ್ರಾಸ್ತ್ರ ಮತ್ತು ಹಣಕಾಸಿನ ನೆರವನ್ನು ನೀಡಿತು. ಸೈನಿಕರನ್ನು ಕಳುಹಿಸದೆ ಶಸ್ತ್ರ ನೀಡುವುದನ್ನು ಹಸ್ತಕ್ಷೇಪವೆಂದು ಕರೆಯಬೇಕೇ, ಅದನ್ನು ನಿಲ್ಲಿಸುವುದನ್ನು ತಾಟಸ್ಥ್ಯವೆನ್ನಬಹುದೇ ಎಂಬ ವಿಷಯದಲ್ಲಿ ಅಮೆರಿಕದ ಎರಡೂ ಪ್ರಮುಖ ಪಕ್ಷಗಳ ಒಳಗೇ ಭಿನ್ನಾಭಿಪ್ರಾಯಗಳಿವೆ.