ಬಂಪರ್‌ಗೆ ಬಣ್ಣ ಬಳಿಯುವ ಮುನ್ನ

ಮಳೆಗಾಲ ಮುಗಿಯುತ್ತಿದ್ದಂತೆ ಕರಾವಳಿಯ ಲಾರಿ ಗ್ಯಾರೇಜುಗಳಲ್ಲಿ ಬಣ್ಣದ ಕೆಲಸ ಶುರುವಾಗುತ್ತದೆ. ಆಯುಧಪೂಜೆ ಹತ್ತಿರ ಬಂತೆಂದರೆ ಮಾಲೀಕರಿಗೂ ಚಾಲಕರಿಗೂ ಗಾಡಿ ಲಕಲಕ ಹೊಳೆಯಬೇಕು. ಇಡೀ ಮುಂಗಾರಿನಲ್ಲಿ ನೆಂದು ಕೆಸರು ಹೊಡೆಸಿಕೊಂಡ ಬಂಪರ್‌ಗೆ ನೀರು ಹೊಡೆದು, ಬಟ್ಟೆಯಲ್ಲಿ ಒರೆಸಿ, ಹಳೆಯ ಬಣ್ಣದ ಮೇಲೆಯೇ ಹೊಸ ಎನಾಮೆಲ್ ಎಳೆದುಬಿಡುತ್ತಾರೆ. ಹಳದಿ ಪಟ್ಟಿ, ಕಪ್ಪು ಪಟ್ಟಿ, ನಡುವೆ ದೇವರ ಹೆಸರು. ಪೂಜೆಯ ದಿನ ಕುಂಬಳಕಾಯಿ ಒಡೆಯುವಾಗ ಗಾಡಿ ಹೊಸದಾಗಿಯೇ ಕಾಣುತ್ತದೆ. ಆದರೆ ಬೇಸಿಗೆ ಕಾಲಿಡುವಷ್ಟರಲ್ಲಿ ಅದೇ ಬಂಪರ್‌ನ ಅಂಚಿನಲ್ಲಿ ಬಣ್ಣ ಉಬ್ಬಿ, ಬೋಲ್ಟಿನ ಬುಡದಿಂದ ಕಂದು ನೀರಿನ ಗೆರೆ ಇಳಿಯತೊಡಗುತ್ತದೆ.

ಇದರಲ್ಲಿ ಬಣ್ಣದ ತಪ್ಪಿಲ್ಲ. ತುಕ್ಕಿನ ಮೇಲೆ ಬಳಿದರೆ ಎಷ್ಟು ದುಬಾರಿ ಬಣ್ಣವೂ ನಿಲ್ಲುವುದಿಲ್ಲ. ಬಂಪರ್ ಎಷ್ಟು ವರ್ಷ ಬಾಳುತ್ತದೆ ಎನ್ನುವುದು ಬಣ್ಣದ ಡಬ್ಬಿ ತೆರೆಯುವ ಮೊದಲಿನ ಕೆಲಸದಲ್ಲೇ ನಿರ್ಧಾರವಾಗುತ್ತದೆ. ಕಣ್ಣಿಗೆ ಕಾಣದ ಆ ಕೆಲಸಕ್ಕೇ ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಕೂಲಿ, ಎಲ್ಲದಕ್ಕಿಂತ ಕಡಿಮೆ ಸಮಯ.

ಉಪ್ಪು ಮಾಡುವ ಕೆಲಸ

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಮಳೆಯೇ ಬೀಳಬೇಕೆಂದಿಲ್ಲ, ಗಾಳಿಯ ತೇವಾಂಶ ಸುಮಾರು ಶೇ 60 ದಾಟಿದರೆ ಬರಿಯ ಉಕ್ಕಿನ ಮೇಲೆ ಅದು ಆರಂಭವಾಗಬಲ್ಲದು. ಹುಟ್ಟಿದ ತುಕ್ಕು ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ಅದು ಮೇಲಿನ ಬಣ್ಣವನ್ನು ಒಳಗಿನಿಂದಲೇ ಎತ್ತಿ ಹಪ್ಪಳದಂತೆ ಉಬ್ಬಿಸುತ್ತದೆ. ಉಬ್ಬಿದ ಬಣ್ಣ ಬಿರಿದ ಮೇಲೆ ನೀರಿಗೆ ದಾರಿ ಸಲೀಸು. ಅಲ್ಯೂಮಿನಿಯಂ ಮೇಲೆ ಕೂಡುವ ಆಕ್ಸೈಡ್ ಬಿಗಿಯಾಗಿ ಅಂಟಿಕೊಂಡು ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲ, ತೂತುತೂತು. ಅದು ತೇವವನ್ನು ಹಿಡಿದಿಟ್ಟುಕೊಂಡು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ.

ಇದಕ್ಕೆ ಉಪ್ಪು ಸೇರಿದರೆ ಕೇಳುವುದೇ ಬೇಡ. ತೇವಾಂಶ ಶೇ 75ರ ಆಸುಪಾಸಿಗೆ ಬಂದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಕರಾವಳಿಯ ರಾತ್ರಿಗಳಲ್ಲಿ ಅಷ್ಟು ತೇವ ಸಾಮಾನ್ಯ. ಅಂದರೆ ಉಪ್ಪು ಕುಳಿತ ಬಂಪರ್ ಬಿಸಿಲಿನ ದಿನ ಒಣಗಿದಂತೆ ಕಂಡರೂ ರಾತ್ರಿ ಮತ್ತೆ ಒದ್ದೆಯಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಈ ಕ್ರಿಯೆಯಲ್ಲಿ ಖರ್ಚಾಗಿ ಮುಗಿಯುವುದೂ ಇಲ್ಲ. ತುಕ್ಕಿನ ತಳದ ಗುಳಿಯಲ್ಲಿ ಕುಳಿತು ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತದೆ.

ಮಲ್ಪೆಯಿಂದ, ಮಂಗಳೂರಿನ ದಕ್ಕೆಯಿಂದ ಮೀನು ಹೊರುವ ಲಾರಿಗಳನ್ನು ನೋಡಿದರೆ ಇದು ತಕ್ಷಣ ಅರ್ಥವಾಗುತ್ತದೆ. ಕರಗಿದ ಐಸಿನ ನೀರು ಮೀನಿನ ಉಪ್ಪನ್ನು ಹೊತ್ತು ಚಾಸಿಸ್ ಮೇಲೆ, ಹಿಂದಿನ ಬಂಪರ್ ಮೇಲೆ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತದೆ. ರಸ್ತೆಗೆ ಚೆಲ್ಲಿ ಬೈಕ್ ಸವಾರರನ್ನು ಜಾರಿಸುವ ಆ ನೀರೇ ಹೊತ್ತ ಗಾಡಿಯನ್ನೂ ತಿನ್ನುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಅನೇಕ ಮೀನು ಲಾರಿಗಳು ನಿಂತಲ್ಲೇ ನಿಂತಿರುತ್ತವೆ. ಉಪ್ಪು ತೊಳೆಯದೆ ನಿಲ್ಲಿಸಿದ ಗಾಡಿ ಓಡದೆಯೇ ಸವೆಯುತ್ತದೆ. ಮೇ ಕೊನೆಯಲ್ಲಿ ಚಾಸಿಸ್‌ನ ಅಡಿ, ಬಂಪರ್‌ನ ಒಳಬದಿಗೆಲ್ಲ ಸಿಹಿನೀರು ಹೊಡೆದು, ಪೂರ್ತಿ ಒಣಗಿಸಿ ನಿಲ್ಲಿಸಿದರೆ ಅರ್ಧ ಯುದ್ಧ ಗೆದ್ದಂತೆ.

ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ

ಬಂಪರ್ ತುಕ್ಕು ಹಿಡಿದರೇನಂತೆ, ಎಂಜಿನ್ ಚೆನ್ನಾಗಿದ್ದರೆ ಸಾಕು ಎನ್ನುವ ಮಾತು ಗ್ಯಾರೇಜಿನಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಹಿಂದಿನ ಗಾರ್ಡ್ ಇರುವುದು ಯಾಕೆಂದು ನೆನೆದರೆ ಆ ಮಾತು ನಿಲ್ಲುವುದಿಲ್ಲ. ಹಿಂದಿನಿಂದ ಬಂದು ಗುದ್ದಿದ ಕಾರು ಲಾರಿಯ ಅಡಿಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಅದಕ್ಕಾಗಿಯೇ ಅದರ ಕೆಳ ಅಂಚು ಖಾಲಿ ಗಾಡಿಯಲ್ಲಿ ನೆಲದಿಂದ 550 ಮಿಲಿಮೀಟರ್‌ಗಿಂತ ಮೇಲಿರಬಾರದು ಎಂದು ನಿಯಮವಿದೆ. ತುಕ್ಕು ತಿಂದು ತೆಳುವಾದ ಪೈಪು, ಬುಡ ಕಳಚಿದ ಬ್ರಾಕೆಟ್ ಅಂಥ ಗುದ್ದನ್ನು ತಡೆಯಲಾರವು. ಹೊಳೆಯುವ ಬಣ್ಣದಡಿ ಟೊಳ್ಳಾದ ಗಾರ್ಡ್ ಇಟ್ಟುಕೊಂಡು ಹೆದ್ದಾರಿಗೆ ಇಳಿಯುವುದು ಹಿಂದೆ ಬರುವ ಅಪರಿಚಿತ ಕುಟುಂಬಕ್ಕೆ ಮಾಡುವ ಅನ್ಯಾಯ.

ಎಲ್ಲಿ ಹುಡುಕಬೇಕು

ತುಕ್ಕು ಬಂಪರ್‌ನ ನಟ್ಟನಡುವೆ ಹುಟ್ಟುವುದು ಅಪರೂಪ. ಬ್ರಾಕೆಟ್ ಕೂಡುವ ಜಾಗ, ಬೋಲ್ಟಿನ ತೂತು, ಮಡಚಿದ ಅಂಚು, ವೆಲ್ಡಿಂಗ್ ಗೆರೆ, ನಂಬರ್ ಪ್ಲೇಟಿನ ಹಿಂಭಾಗ, ಅಂಚು ಎದ್ದ ರಿಫ್ಲೆಕ್ಟರ್ ಟೇಪಿನ ಅಡಿ, ಇವು ಅದರ ಗೂಡುಗಳು. ಅಂದಕ್ಕೆಂದು ರಿವೆಟ್ ಹೊಡೆದು ಕೂರಿಸಿದ ಸ್ಟೀಲ್ ಅಥವಾ ಅಲ್ಯೂಮಿನಿಯಂ ಶೀಟಿನ ಹಿಂದೆ ನೀರು ನಿಂತರೆ ಒಣಗುವುದೇ ಇಲ್ಲ. ಪೆಟ್ಟಿಗೆಯಾಕಾರದ ಬಂಪರ್‌ಗಳಲ್ಲಿ ನೀರು ಇಳಿಯುವ ತೂತು ಕೆಸರಿನಿಂದ ಮುಚ್ಚಿದ್ದರೆ ಒಳಗಡೆ ಒಂದು ಸಣ್ಣ ಕೆರೆಯೇ ಇರುತ್ತದೆ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಸಣ್ಣ ಸುತ್ತಿಗೆಯಿಂದ ಬಂಪರ್‌ನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಟಣ್ಣೆಂದು ದನಿ ಕೊಡುತ್ತದೆ, ತಿಂದುಹೋದಲ್ಲಿ ದನಿ ಸತ್ತು ಥಪ್ಪೆನ್ನುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಉಬ್ಬಿದ ಬಣ್ಣವನ್ನು ಎಬ್ಬಿಸಿ. ಮೊದಲು ಕಿತ್ತಳೆ ಬಣ್ಣದ ಪುಡಿ, ಅದರಡಿ ಪದರ ಪದರವಾಗಿ ಕಳಚುವ ಕಂದು ಚಕ್ಕೆ, ಕೊನೆಗೆ ಲೋಹಕ್ಕೆ ಅಂಟಿಕೊಂಡ ಗಟ್ಟಿ ಕಪ್ಪು ಪೊರೆ. ಕೆರೆದಾಗ ಗಟ್ಟಿ ಲೋಹ ಸಿಕ್ಕರೆ ರಿಪೇರಿ ಸಾಧ್ಯ. ತುದಿ ಒಳಗೆ ನುಗ್ಗಿದರೆ ಆ ಭಾಗ ಕತ್ತರಿಸಿ ಹಾಕಬೇಕು. ತೂತಿಗೆ ಪುಟ್ಟಿ ಮೆತ್ತಿ ಸಮ ಮಾಡಿದರೆ ಕಣ್ಣಿಗೆ ಮೋಸ ಅಷ್ಟೇ. ಹಿಂದಿನ ಗಾರ್ಡ್ ಅಥವಾ ಬ್ರಾಕೆಟ್ ಆ ಸ್ಥಿತಿಗೆ ಬಂದಿದ್ದರೆ ಬದಲಿಸುವುದೇ ಸರಿ.

ಚಿಕಿತ್ಸೆಯ ಕ್ರಮ

ಮೊದಲು ಬಂಪರ್ ಬಿಚ್ಚಿ. ಗಾಡಿಯಲ್ಲೇ ಇಟ್ಟು ಮಾಡಿದರೆ ಒಳಬದಿ ಉಳಿದುಹೋಗುತ್ತದೆ, ತುಕ್ಕು ಅಲ್ಲಿಂದಲೇ ಮರಳುತ್ತದೆ. ಗ್ರೀಸು, ಎಣ್ಣೆ ಹೋಗುವಂತೆ ಸೋಪಿನ ನೀರಿನಲ್ಲಿ ತೊಳೆಯಿರಿ. ಸಡಿಲ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆದು, ಉಳಿದದ್ದಕ್ಕೆ ಗ್ರೈಂಡರ್‌ನ ಕಪ್ ಬ್ರಷ್ ಅಥವಾ 80 ನಂಬರ್ ಎಮರಿ ಹಿಡಿಯಿರಿ. ಹಳೆ ಬಣ್ಣದ ಅಂಚು ಕೈಗೆ ತಾಗದಂತೆ 180, 320 ನಂಬರ್ ಪೇಪರಿನಿಂದ ಇಳಿಜಾರು ಮಾಡಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಹುಡುಗರನ್ನು ಗ್ರೈಂಡರ್ ಮುಂದೆ ಕೂರಿಸಬೇಡಿ.

ಮುಂದಿನ ಹಂತವನ್ನೇ ಹೆಚ್ಚಿನವರು ಬಿಡುವುದು. ಕೆರೆದ ಲೋಹವನ್ನು ಮತ್ತೊಮ್ಮೆ ಸಿಹಿನೀರಿನಲ್ಲಿ ಉಜ್ಜಿ ತೊಳೆಯಬೇಕು. ಗುಳಿಗಳ ತಳದಲ್ಲಿ ಕುಳಿತ ಉಪ್ಪು ಬ್ರಷ್‌ಗೆ ಬರುವುದಿಲ್ಲ, ನೀರಿಗೆ ಮಾತ್ರ ಬರುತ್ತದೆ. ತೊಳೆದ ಕೂಡಲೇ ಕಂಪ್ರೆಸರ್ ಗಾಳಿ ಹೊಡೆದು, ಬಿಸಿಲಿಗೆ ಹಿಡಿದು ಒಣಗಿಸಿ.

ಗುಳಿಯಲ್ಲಿ ಉಳಿದ ಗಟ್ಟಿ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ತೆಳುವಾಗಿ ಹಚ್ಚಬಹುದು. ಅದು ತುಕ್ಕನ್ನು ಗಟ್ಟಿ ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ನಿಂತಿರುವುದಕ್ಕೆ ಅದರ ಕಬ್ಬಿಣದಲ್ಲಿ ರಂಜಕ ಹೆಚ್ಚಿರುವುದು, ಅದರಿಂದ ಮೇಲ್ಮೈಯಲ್ಲಿ ಫಾಸ್ಫೇಟಿನ ಪೊರೆ ಮೂಡಿರುವುದು ಕಾರಣ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ನಾವು ಬಾಟಲಿಯಿಂದ ಹಚ್ಚುವುದೂ ಅದೇ ಬಗೆಯ ರಕ್ಷಣೆ. ಆದರೆ ಸಡಿಲ ತುಕ್ಕಿನ ಮೇಲೆ ಹಚ್ಚಿದರೆ ಅದೂ ಚಕ್ಕೆಯೊಂದಿಗೆ ಉದುರುತ್ತದೆ. ನೆಲ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಮಾತ್ರ ಬೇಡ. ಅದು ತುಕ್ಕನ್ನು ಕ್ಷಣದಲ್ಲಿ ಕರಗಿಸುತ್ತದೆ ನಿಜ, ಬಿಟ್ಟುಹೋಗುವುದು ಮಾತ್ರ ಕ್ಲೋರೈಡನ್ನೇ.

ಶುದ್ಧ ಲೋಹ ಗಾಳಿಗೆ ಬಿದ್ದ ದಿನವೇ ಪ್ರೈಮರ್ ಬೀಳಬೇಕು. ಕರಾವಳಿಗೆ ಜಿಂಕ್ ಫಾಸ್ಫೇಟ್ ಇರುವ ಎಪಾಕ್ಸಿ ಪ್ರೈಮರ್ ಎರಡು ಕೋಟ್ ಒಳ್ಳೆಯದು. ಅಂಚು, ಮೂಲೆ, ಬೋಲ್ಟ್ ತೂತುಗಳಿಗೆ ಮೊದಲೇ ಕೈಬ್ರಷ್‌ನಿಂದ ಒಂದು ಸಲ ಎಳೆಯಿರಿ, ಸ್ಪ್ರೇ ಬಣ್ಣ ಚೂಪು ಅಂಚಿನಲ್ಲಿ ತೆಳುವಾಗಿಯೇ ಕೂರುತ್ತದೆ. ಬರೀ ರೆಡ್ ಆಕ್ಸೈಡ್ ಹಚ್ಚಿ ತಿಂಗಳುಗಟ್ಟಲೆ ಓಡಿಸುವುದರಿಂದ ಪ್ರಯೋಜನವಿಲ್ಲ. ಪ್ರೈಮರ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಅದರ ಮೇಲೆ ಬಣ್ಣ ಬರಲೇಬೇಕು. ಗಾಳಿಯ ತೇವಾಂಶ ಶೇ 85 ಮೀರಿದ್ದರೆ ಬಣ್ಣ ಹಚ್ಚಬಾರದು ಎನ್ನುವುದು ಈ ಉದ್ಯಮದ ಸಾಮಾನ್ಯ ನಿಯಮ. ಮಳೆ ಬಿಟ್ಟ ದಿನ, ಇಬ್ಬನಿ ಆರಿದ ಮೇಲೆ ಕೆಲಸ ಹಿಡಿದು ಸಂಜೆಯ ತಂಪಿಗೆ ಮೊದಲು ಮುಗಿಸಿ. ಮರಳಿ ಕೂರಿಸುವಾಗ ಬೋಲ್ಟುಗಳಿಗೆ ಗ್ರೀಸು, ಪೆಟ್ಟಿಗೆಯೊಳಗೆ ವ್ಯಾಕ್ಸ್, ನೀರಿನ ತೂತು ತೆರೆದಿದೆಯೇ ಎಂಬ ಖಾತರಿ, ಈ ಮೂರನ್ನು ಮರೆಯಬೇಡಿ.

ಕ್ರೋಮ್ ಬಂಪರ್‌ನ ಕಥೆ ಬೇರೆ. ಅದರ ಹೊಳಪಿನ ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ, ಚುಕ್ಕಿ ತುಕ್ಕು ಅವುಗಳ ಮೂಲಕ ಅಡಿಯ ಉಕ್ಕಿನಿಂದ ಬರುತ್ತದೆ. ಉಂಡೆ ಮಾಡಿದ ಅಲ್ಯೂಮಿನಿಯಂ ಫಾಯಿಲ್ ಅನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಚುಕ್ಕಿ ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದುವಾದ್ದರಿಂದ ಗೀರು ಬೀಳುವ ಭಯ ಕಡಿಮೆ. ಒರೆಸಿ ವ್ಯಾಕ್ಸ್ ಹಾಕಿ.

ಸುಟ್ಟ ಆಯಿಲ್ ಬೇಡ

ವಾಟರ್ ಸರ್ವಿಸ್ ಆದ ಮೇಲೆ ಅಡಿಗೆಲ್ಲ ಡೀಸೆಲ್ ಅಥವಾ ಸುಟ್ಟ ಎಂಜಿನ್ ಆಯಿಲ್ ಹೊಡೆಸುವ ಅಭ್ಯಾಸ ಹಲವೆಡೆ ಇದೆ. ಕೆಲವು ದಿನ ಹೊಳೆಯುತ್ತದೆ, ತುಕ್ಕು ತಡೆದಂತೆಯೂ ತೋರುತ್ತದೆ. ಆದರೆ ಅದು ರಬ್ಬರ್ ಬುಷ್‌ಗಳನ್ನು, ಹೋಸ್‌ಗಳನ್ನು ಹಾಳು ಮಾಡುತ್ತದೆ, ಧೂಳನ್ನು ಹಿಡಿದು ಮೆತ್ತುತ್ತದೆ, ಮೊದಲ ಮಳೆಗೆ ಚರಂಡಿ ಸೇರುತ್ತದೆ. ಬಳಸಿದ ಎಂಜಿನ್ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಬರಿಗೈಯಲ್ಲಿ ಅದನ್ನು ಸ್ಪ್ರೇ ಮಾಡುವ ಹುಡುಗನ ಚರ್ಮಕ್ಕೂ ಶ್ವಾಸಕ್ಕೂ ಅದು ಕೆಟ್ಟದ್ದು.

ಒಮ್ಮೆ ಸರಿಯಾಗಿ ಮಾಡಿದ ಬಂಪರ್‌ಗೆ ಆಮೇಲೆ ಬೇಕಾದ್ದು ಸ್ವಲ್ಪವೇ: ಉಪ್ಪುನೀರಿನ ಟ್ರಿಪ್ ಮುಗಿದ ದಿನವೇ ಸಿಹಿನೀರು, ಕಲ್ಲು ಸಿಡಿದು ಬಣ್ಣ ಎದ್ದಲ್ಲಿ ಕೂಡಲೇ ಟಚ್‌ಅಪ್, ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ಸುತ್ತಿಗೆಯ ಪರೀಕ್ಷೆ. ಲಾರಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು. ಆ ದಿನಕ್ಕೆಂದು ತರಾತುರಿಯಲ್ಲಿ ಬಣ್ಣ ಹೊಡೆಸುವ ಬದಲು ಅದೇ ದುಡ್ಡನ್ನು ಕೆರೆಯುವ ಕೂಲಿಗೆ ಕೊಡಿ.

ಲಾರಿ ಮಾಲೀಕರಲ್ಲಿ ಒಂದು ವಿನಂತಿ. ಈ ಸಲ ಆಯುಧಪೂಜೆಗೆ ಗಾಡಿ ಗ್ಯಾರೇಜಿಗೆ ಬಿಡುವಾಗ ಒಂದು ದಿನ ಹೆಚ್ಚು ಕೊಡಿ. ಬಣ್ಣದವರನ್ನು ಕರೆಯುವ ಮೊದಲು ಬಂಪರ್ ಬಿಚ್ಚಿಸಿ, ಕೆರೆಸಿ, ತೊಳೆಸಿ, ಒಣಗಿಸಿ, ಒಳಬದಿಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಗಾಡಿಯನ್ನು ಪೂಜಿಸುವವರು ಅದರ ಕಬ್ಬಿಣವನ್ನೂ ಕಾಯಬೇಕು.